ನಕ್ಷೆ ಬರೆಯುವ ತಂತ್ರಾಂಶಗಳು: ಪಂಚಾಯಿತಿಯ ಕೆಲಸಕ್ಕೆ ಯಾವುದು, ಹವ್ಯಾಸಕ್ಕೆ ಯಾವುದು

(ಕಡೂರು, ತರೀಕೆರೆ ಮತ್ತು ಅಜ್ಜಂಪುರ ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಈ ವಿಷಯವನ್ನು ನನಗೆ ಒಪ್ಪಿಸಿದಾಗ, ಇದು ಎಂಜಿನಿಯರುಗಳ ಮುಂದೆ ಆಡಬೇಕಾದ ಮಾತಲ್ಲವೇ ಎಂಬ ಸಂದೇಹ ನನಗೂ ಬಂದಿತ್ತು. ಗಣಕಯಂತ್ರದಲ್ಲಿ ನಕ್ಷೆ ಬರೆಯುವವರು ತಾವಲ್ಲ. ಆದರೆ ಆ ನಕ್ಷೆ ಸಭೆಯ ಮುಂದೆ ಬಂದಾಗ ಒಪ್ಪಿಗೆ ನೀಡುವವರು ತಾವು. ಕಾಮಗಾರಿ ಕೆಟ್ಟರೆ ಊರಿನ ಕಟ್ಟೆಯ ಮೇಲೆ ಉತ್ತರ ಹೇಳಬೇಕಾದವರೂ ತಾವೇ. ಆದುದರಿಂದ ತಂತ್ರಾಂಶಗಳ ಹೆಸರುಗಳಿಗೆ ಹೋಗುವ ಮುನ್ನ ಒಂದು ಕೃಷಿ ಹೊಂಡದ ಲೆಕ್ಕವನ್ನು ತಮ್ಮ ಮುಂದಿಡುತ್ತೇನೆ. ದಯವಿಟ್ಟು ಕಾಗದ, ಪೆನ್ನು ತೆಗೆದುಕೊಳ್ಳಿ.

ಮೇಲ್ಭಾಗದಲ್ಲಿ 12 ಮೀಟರ್ ಉದ್ದ, 12 ಮೀಟರ್ ಅಗಲ, 3 ಮೀಟರ್ ಆಳದ ಹೊಂಡ. ಮೇಲಿನಿಂದ ನೋಡಿದ ನಕ್ಷೆಯಲ್ಲಿ ಹೊರಗೆರೆ ಒಂದು ಚೌಕ, ಅಷ್ಟೇ. ಈಗ ಬದಿಗಳ ಇಳಿಜಾರನ್ನು ಗಮನಿಸಿ. ಒಂದು ಮೀಟರ್ ಆಳಕ್ಕೆ ಒಂದು ಮೀಟರ್ ಒಳಸರಿದರೆ ತಳ 6 ಮೀಟರ್ ಚೌಕವಾಗುತ್ತದೆ, ಹೊಂಡದಲ್ಲಿ 252 ಘನ ಮೀಟರ್ ನೀರು ನಿಲ್ಲುತ್ತದೆ. ಮಣ್ಣು ಸಡಿಲವೆಂದು ಒಂದಕ್ಕೆ ಒಂದೂವರೆ ಮೀಟರ್ ಒಳಸರಿದರೆ ತಳ 3 ಮೀಟರ್ ಚೌಕ, ನೀರು 189 ಘನ ಮೀಟರ್. ಹೊರಗೆರೆ ಅದೇ, ಆಳ ಅದೇ. ವ್ಯತ್ಯಾಸ 63 ಸಾವಿರ ಲೀಟರ್. ಇದನ್ನು ಸ್ಪಷ್ಟವಾಗಿ ತೋರಿಸುವುದು ಅಡ್ಡ ಛೇದದ ನಕ್ಷೆ. ಸಭೆಗೆ ಬರುವ ಹಾಳೆಯಲ್ಲಿ ಅದು ಇಲ್ಲದಿದ್ದರೆ ತಾವು ಒಪ್ಪುತ್ತಿರುವುದು ಏನನ್ನು ಎಂಬುದು ತಮಗೇ ತಿಳಿದಿರುವುದಿಲ್ಲ.

ಇಷ್ಟಕ್ಕೇ ಮುಗಿಯಲಿಲ್ಲ. ಆ ಎರಡನೆಯ ಹೊಂಡದ ಮಣ್ಣನ್ನು ಅಳೆಯುವಾಗ ಮೇಲಿನ ಮತ್ತು ತಳದ ವಿಸ್ತೀರ್ಣಗಳನ್ನು ಕೂಡಿಸಿ ಅರ್ಧ ಮಾಡಿ ಆಳದಿಂದ ಗುಣಿಸುವ ರೂಢಿಯೊಂದಿದೆ. ಹಾಗೆ ಮಾಡಿದರೆ 229.5 ಘನ ಮೀಟರ್ ಬರುತ್ತದೆ, ಅಂದರೆ ಅಗೆಯದ 40.5 ಘನ ಮೀಟರ್ ಮಣ್ಣಿಗೆ ಹಣ ಪಾವತಿಯಾಗುತ್ತದೆ. ಇನ್ನು ಕೆಲವರು ಮೇಲಿನ ಮತ್ತು ತಳದ ಬದಿಗಳ ಸರಾಸರಿ ಏಳೂವರೆ ಮೀಟರ್ ಎಂದು ಹಿಡಿದು ಗುಣಿಸುತ್ತಾರೆ. ಆಗ 168.75 ಬರುತ್ತದೆ, ಅಗೆದ 20 ಘನ ಮೀಟರಿಗೂ ಹೆಚ್ಚು ಮಣ್ಣಿನ ಕೂಲಿ ಹಾರೆ ಹಿಡಿದವರ ಕೈತಪ್ಪುತ್ತದೆ. ಸರಿಯಾದ ಉತ್ತರ ಪಡೆಯಲು ಮೇಲಿನ ವಿಸ್ತೀರ್ಣ 144, ತಳದ್ದು 9, ನಡುಮಟ್ಟದ 56.25ರ ನಾಲ್ಕು ಪಟ್ಟು 225, ಈ ಮೂರನ್ನೂ ಕೂಡಿಸಿ ಆಳದಿಂದ ಗುಣಿಸಿ ಆರರಿಂದ ಭಾಗಿಸಬೇಕು: 189. ಮೂರು ಆಯಾಮಗಳಲ್ಲಿ ಚಿತ್ರಿಸುವ ತಂತ್ರಾಂಶವಾದರೆ ಹೊಂಡದ ಆಕಾರ ಕೊಟ್ಟೊಡನೆ ಈ ಅಂಕಿಯನ್ನು ತಾನೇ ಹೇಳುತ್ತದೆ. ಎರಡು ಆಯಾಮಗಳದ್ದಾದರೆ ಗೆರೆ ಮಾತ್ರ ಎಳೆಯುತ್ತದೆ, ಗುಣಾಕಾರ ಮನುಷ್ಯನದು. ತಂತ್ರಾಂಶಗಳ ನಡುವಣ ಮೊದಲ ಭೇದ ಇದೇ.

ಈಗ ಹೆಸರುಗಳಿಗೆ ಬರೋಣ. ಆಟೋಕ್ಯಾಡ್ ಎಂಬುದನ್ನು ತಾವೆಲ್ಲರೂ ಕೇಳಿದ್ದೀರಿ. 1982ರಲ್ಲಿ ಆಟೋಡೆಸ್ಕ್ ಕಂಪನಿ ಹೊರತಂದ ಇದು ಇಂದು ನಕ್ಷೆ ಬರೆಯುವ ಕೆಲಸಕ್ಕೇ ಹೆಸರಾಗಿಬಿಟ್ಟಿದೆ. ಐಟಿಐ, ಡಿಪ್ಲೊಮಾ ಮುಗಿಸಿದ ಹುಡುಗ ಹುಡುಗಿಯರು ಇದನ್ನು ಕಲಿತೇ ಬರುತ್ತಾರೆ. ತಾಂತ್ರಿಕ ಮಂಜೂರಾತಿ ನೀಡುವ ಕಚೇರಿಗಳಲ್ಲಿಯೂ ಇದು ಪರಿಚಿತ. ಕೊರತೆಯೆಂದರೆ ಬೆಲೆ. 2016ರಿಂದ ಇದನ್ನು ಒಮ್ಮೆ ಕೊಂಡು ಇಟ್ಟುಕೊಳ್ಳುವಂತಿಲ್ಲ. ಬಾಡಿಗೆ ಮನೆಯಂತೆ ಅವಧಿಗೆ ಇಷ್ಟೆಂದು ಕಟ್ಟುತ್ತಿರಬೇಕು. ಇದರ ಕಡತವಾದ ಡಿಡಬ್ಲ್ಯೂಜಿಯನ್ನೇ ಬಳಸುವ ಬ್ರಿಕ್ಸ್‌ಕ್ಯಾಡ್, ಝಡ್‌ಡಬ್ಲ್ಯೂಕ್ಯಾಡ್ ಮೊದಲಾದವು ಇವೆ. ಅವನ್ನು ಒಮ್ಮೆಗೇ ಕೊಳ್ಳಲು ಅವಕಾಶವಿದೆ, ಆಟೋಕ್ಯಾಡ್ ಬಲ್ಲವರಿಗೆ ಹೊಸದಾಗಿ ಕಲಿಯುವುದೂ ಹೆಚ್ಚಿಲ್ಲ.

ಬೆಲೆಯಿಲ್ಲದವುಗಳಲ್ಲಿ ಲಿಬ್ರೆಕ್ಯಾಡ್ ಒಂದು. ಎರಡು ಆಯಾಮಗಳ ನಕ್ಷೆಗೆ ಸೀಮಿತ. ಆದರೆ ಕಚೇರಿಯ ಹಳೆಯ ಗಣಕಯಂತ್ರದಲ್ಲಿಯೂ ನಡೆಯುತ್ತದೆ. ಚರಂಡಿ, ಮೋರಿ, ಬಸ್ ತಂಗುದಾಣದಂತಹ ಕೆಲಸಕ್ಕೆ ಸಾಕು. ಫ್ರೀಕ್ಯಾಡ್ ಮೂರು ಆಯಾಮಗಳದು. ಎರಡು ದಶಕಗಳ ಸಾಮೂಹಿಕ ಶ್ರಮದ ನಂತರ 2024ರ ನವೆಂಬರಿನಲ್ಲಿ ಅದರ 1.0 ಆವೃತ್ತಿ ಹೊರಬಂದಿತು. ಕಲಿಯುವುದು ಸುಲಭವಲ್ಲ ಎಂಬುದನ್ನು ಮರೆಮಾಚಲಾರೆ. ಆಟೋಕ್ಯಾಡ್‌ನಲ್ಲಿ ಕೈಪಳಗಿದವರು ಮೊದಲ ತಿಂಗಳು ಅದನ್ನು ಶಪಿಸುವುದನ್ನು ನಾನೇ ಕೇಳಿದ್ದೇನೆ, ನಾನೂ ಶಪಿಸಿದ್ದೇನೆ.

ಹಾಗಾದರೆ ಬೆಲೆಯಿಲ್ಲದ್ದನ್ನೇ ಆರಿಸಬಹುದಲ್ಲವೇ? ಇಲ್ಲಿ ಎಚ್ಚರ ಬೇಕು. ಬಿಟ್ಟಿಯಾಗಿ ಸಿಗುವುದು ಬೇರೆ, ಸ್ವತಂತ್ರವಾಗಿರುವುದು ಬೇರೆ. ಡ್ರಾಫ್ಟ್‌ಸೈಟ್ ಎಂಬ ತಂತ್ರಾಂಶವನ್ನು ಅನೇಕರು ವರ್ಷಗಟ್ಟಲೆ ಬಿಟ್ಟಿಯಾಗಿ ಬಳಸಿದರು. ಕಂಪನಿ ತನ್ನ ನೀತಿ ಬದಲಿಸಿತು, 2019ರ ಅಂತ್ಯಕ್ಕೆ ಆ ಬಿಟ್ಟಿ ಆವೃತ್ತಿ ನಿಂತುಹೋಯಿತು. ಲಿಬ್ರೆಕ್ಯಾಡ್, ಫ್ರೀಕ್ಯಾಡ್‌ಗಳು ಹಾಗಲ್ಲ. ಅವುಗಳ ಮೂಲ ಸಂಕೇತವೇ ಸಾರ್ವಜನಿಕವಾಗಿರುವುದರಿಂದ ಇಂದು ಕೈಯಲ್ಲಿರುವ ಆವೃತ್ತಿಯನ್ನು ನಾಳೆ ಯಾರೂ ಕಸಿದುಕೊಳ್ಳಲಾರರು.

ಆದರೂ ನನ್ನ ಅಭಿಪ್ರಾಯದಲ್ಲಿ ಪಂಚಾಯಿತಿಗೆ ತಂತ್ರಾಂಶದ ಹೆಸರಿಗಿಂತ ಕಡತದ ಒಡೆತನ ದೊಡ್ಡದು. ಕೆಲವು ವರ್ಷಗಳ ಹಿಂದೆ ನಾನು ಕಂಡ ಒಂದು ಪಂಚಾಯಿತಿಯಲ್ಲಿ ಕಟ್ಟಡದ ನಕ್ಷೆಯನ್ನು ಪೇಟೆಯ ಖಾಸಗಿಯವರೊಬ್ಬರಿಂದ ಬರೆಸಿದ್ದರು. ಮೇಲೊಂದು ಕೊಠಡಿ ಏರಿಸಬೇಕೆಂದಾಗ ಕಂಬಗಳಲ್ಲಿ ಎಷ್ಟು ಕಬ್ಬಿಣವಿದೆ ಎಂಬುದನ್ನು ಹೇಳುವ ಹಾಳೆ ಕಚೇರಿಯಲ್ಲಿ ಇರಲಿಲ್ಲ. ಬರೆದವರ ಗಣಕಯಂತ್ರ ಕೆಟ್ಟು ಹೋಗಿತ್ತು. ಮುದ್ರಿತ ಪ್ರತಿ ಬಿಲ್ಲಿನೊಡನೆ ಎಲ್ಲಿಗೋ ಹೋಗಿತ್ತು. ಹಣ ಕೊಟ್ಟು ಬರೆಸಿದ ನಕ್ಷೆ ಪಂಚಾಯಿತಿಯ ಆಸ್ತಿಯೇ ಆಗಿರಲಿಲ್ಲ! ಆದುದರಿಂದ ಯಾವ ತಂತ್ರಾಂಶದಲ್ಲಿ ಬರೆದರೂ ಮೂಲ ಕಡತ, ಡಿಎಕ್ಸ್‌ಎಫ್ ರೂಪದ ಪ್ರತಿ ಮತ್ತು ಪಿಡಿಎಫ್, ಈ ಮೂರನ್ನೂ ಅಂತಿಮ ಬಿಲ್ಲಿಗೆ ಮೊದಲು ಪಡೆಯಬೇಕು. ಡಿಎಕ್ಸ್‌ಎಫ್ ಏಕೆಂದರೆ ಅದರ ರಚನೆ ಪ್ರಕಟಿತವಾಗಿದ್ದು, ನಕ್ಷೆಯ ತಂತ್ರಾಂಶಗಳು ಬಹುಮಟ್ಟಿಗೆ ಎಲ್ಲವೂ ಅದನ್ನು ಓದುತ್ತವೆ. ಲಿಬ್ರೆಕ್ಯಾಡ್‌ನಲ್ಲಿ ತೆರೆದು ಅಳತೆ ಪರಿಶೀಲಿಸಲು ಕಾಸು ಖರ್ಚಿಲ್ಲ.

ಅಳತೆ ಪರಿಶೀಲನೆ ಎಂದೆ. ಗಣಕಯಂತ್ರದ ನಕ್ಷೆ ಅಂದವಾಗಿರುತ್ತದೆ, ಆ ಅಂದವೇ ನಮ್ಮನ್ನು ಮೋಸಗೊಳಿಸುತ್ತದೆ. ಗೆರೆಯ ಉದ್ದವನ್ನು ತಂತ್ರಾಂಶ ತಾನೇ ಅಳೆದು ಅಂಕಿ ಹಾಕುತ್ತದೆ. ಆದರೆ ಆ ಅಂಕಿಯನ್ನು ಅಳಿಸಿ ಬೇರೊಂದನ್ನು ಕೈಯಿಂದ ಬರೆಯಲೂ ಬಿಡುತ್ತದೆ. ಲಕ್ಕವಳ್ಳಿಯ ಕಡೆಗೆ ಬರೆದ ಚೆಕ್ ಡ್ಯಾಂ ನಕ್ಷೆಯನ್ನು ಪಂಚನಹಳ್ಳಿಯ ಕಡೆಗೆ ಹೊಂದಿಸುವಾಗ ಗೆರೆ ಹಾಗೆಯೇ ಉಳಿದು ಅಂಕಿ ಮಾತ್ರ ಬದಲಾಗುವುದು ಹೀಗೆ. ಒಂದು ಭದ್ರೆಯ ತಡಿಯ ಕಾಡಿನ ನೆಲ, ಇನ್ನೊಂದು ಮಳೆಗಾಗಿ ಬಾನು ನೋಡುವ ಬಯಲುಸೀಮೆ. ಹಳ್ಳಕ್ಕೆ ಬರುವ ನೀರು, ಕೋಡಿಯ ಅಗಲ, ಬುನಾದಿಯ ಆಳ ಒಂದೇ ಆಗಲು ಹೇಗೆ ಸಾಧ್ಯ? ಅಜ್ಜಂಪುರದ ಸುತ್ತಿನ ಎರೆನೆಲ ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಮಳೆಗೆ ಉಬ್ಬುತ್ತದೆ. ಕೆಂಪು ಮಣ್ಣಿಗೆ ಬರೆದ ಅಂಗನವಾಡಿಯ ಬುನಾದಿ ಅಲ್ಲಿ ಬಿರುಕು ಬಿಟ್ಟರೆ ಮೇಸ್ತ್ರಿಯನ್ನು ದೂರಿ ಫಲವಿಲ್ಲ. ಫ್ರೀಕ್ಯಾಡ್‌ನ ಒಂದು ಗುಣ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಎತ್ತರ, ಇಳಿಜಾರು, ದಪ್ಪಗಳನ್ನು ಒಂದು ಕೋಷ್ಟಕದಲ್ಲಿ ಬರೆದು ಆಕೃತಿಯನ್ನು ಅದಕ್ಕೆ ಕಟ್ಟಿಹಾಕಬಹುದು. ಅಂಕಿ ತಿದ್ದಿದರೆ ಆಕೃತಿಯೇ ಬದಲಾಗುತ್ತದೆ, ಮಣ್ಣಿನ ಲೆಕ್ಕವೂ ಅದರೊಡನೆ. ಇಂತಹ ವ್ಯವಸ್ಥೆ ದುಬಾರಿ ತಂತ್ರಾಂಶಗಳಲ್ಲಿಯೂ ಇದೆ. ಆದರೆ ಸ್ಥಳದ ಮಣ್ಣನ್ನು, ಹಳ್ಳದ ಮಳೆಗಾಲದ ಮಟ್ಟವನ್ನು ಹೇಳಬೇಕಾದವರು ಆ ಊರಿನ ಸದಸ್ಯರು. ಅದು ಯಾವ ತಂತ್ರಾಂಶಕ್ಕೂ ತಾನಾಗಿ ತಿಳಿಯದು.

ಕನ್ನಡದ ಮಾತನ್ನು ಹೇಳದೆ ಮುಂದೆ ಹೋಗಲಾರೆ. ಗ್ರಾಮಸಭೆಯಲ್ಲಿ ಗೋಡೆಗೆ ಹಚ್ಚುವ ನಕ್ಷೆ ಕನ್ನಡದಲ್ಲಿರಬೇಡವೇ? ಲಿಬ್ರೆಕ್ಯಾಡ್ ತನ್ನದೇ ರೇಖಾಕ್ಷರಗಳನ್ನು ಬಳಸುವುದರಿಂದ ಅದರಲ್ಲಿ ನಮ್ಮ ಒತ್ತಕ್ಷರಗಳು ಸರಿಯಾಗಿ ಕೂಡುವುದಿಲ್ಲ. ಹಳೆಯ ನುಡಿ ಅಕ್ಷರಗಳಲ್ಲಿ ಬರೆದದ್ದು ಆ ಅಕ್ಷರಶೈಲಿ ಇಲ್ಲದ ಗಣಕಯಂತ್ರದಲ್ಲಿ ಅರ್ಥವಿಲ್ಲದ ಗುರುತುಗಳಾಗಿ ತೆರೆದುಕೊಳ್ಳುತ್ತದೆ. ಆದುದರಿಂದ ಯೂನಿಕೋಡ್ ಅಕ್ಷರಗಳನ್ನೇ ಬಳಸಲು ಹೇಳಿ. ಯಾವ ತಂತ್ರಾಂಶವನ್ನಾದರೂ ಕೊಳ್ಳುವ ಮೊದಲು ‘ಲಕ್ಕವಳ್ಳಿ’, ‘ಅಜ್ಜಂಪುರ’ ಎಂದು ಬರೆಸಿ ಪಿಡಿಎಫ್ ಮಾಡಿಸಿ, ಬೇರೆ ಗಣಕಯಂತ್ರದಲ್ಲಿ ತೆರೆದು ನೋಡಿ. ಊರಿನ ಕೆರೆ, ಕಾಲುವೆ, ರಸ್ತೆಗಳ ದೊಡ್ಡ ನಕ್ಷೆಗೆ ಇವಾವುವೂ ಅಲ್ಲ, ಕ್ಯೂಜಿಐಎಸ್ ಎಂಬ ಸ್ವತಂತ್ರ ತಂತ್ರಾಂಶವೇ ತಕ್ಕದ್ದು. ಅದರಲ್ಲಿ ಕನ್ನಡ ಹೆಸರುಗಳು ಚೆನ್ನಾಗಿ ಮೂಡುತ್ತವೆ.

ಹವ್ಯಾಸದ ವಿಷಯಕ್ಕೆ ಅಳತೆಗೋಲೇ ಬೇರೆ. ಮನೆ ಕಟ್ಟುವ ಕನಸಿನವರು, ಅಡಿಕೆ ಒಣಗಿಸುವ ತಟ್ಟೆಗಳಿಗೆ ಚೌಕಟ್ಟು ಮಾಡುವ ವೆಲ್ಡಿಂಗ್ ಅಂಗಡಿಯವರು, ಶಾಲೆಯ ಮಕ್ಕಳು, ಇವರಿಗೆ ಬೇಗ ಕಲಿಯುವುದು ಮುಖ್ಯ. ಬ್ರೌಸರಿನಲ್ಲಿ ನಡೆಯುವ ಟಿಂಕರ್‌ಕ್ಯಾಡ್ ಮಕ್ಕಳಿಗೆ ಒಂದು ಮಧ್ಯಾಹ್ನದಲ್ಲಿ ಬರುತ್ತದೆ. ಅಟಲ್ ಟಿಂಕರಿಂಗ್ ಪ್ರಯೋಗಾಲಯವಿರುವ ಶಾಲೆಗಳಲ್ಲಿ ಮೂರು ಆಯಾಮದ ಮುದ್ರಣಕ್ಕೆ ಇದು ಒದಗುತ್ತದೆ. ಮನೆಯ ರೂಪ ನೋಡಲು ಸ್ಕೆಚ್‌ಅಪ್‌ನ ಬಿಟ್ಟಿ ಆವೃತ್ತಿ ಹಿತವಾದದ್ದು. ಯಂತ್ರದ ಬಿಡಿಭಾಗ ಮಾಡುವ ಉತ್ಸಾಹಿಗಳಿಗೆ ಫ್ಯೂಷನ್, ಆನ್‌ಶೇಪ್ ಇವೆ. ಆದರೆ ಆನ್‌ಶೇಪ್‌ನ ಬಿಟ್ಟಿ ಖಾತೆಯಲ್ಲಿ ಮಾಡಿದ್ದು ಸಾರ್ವಜನಿಕವಾಗಿಬಿಡುತ್ತದೆ. ಅಡಿಕೆ ಸುಲಿಯುವ ಯಂತ್ರಕ್ಕೆ ಹೊಸ ಯೋಚನೆ ಹೊಳೆದವರು ಅದನ್ನು ಅಲ್ಲಿ ಬರೆಯುವ ಮುನ್ನ ಎರಡು ಸಲ ಯೋಚಿಸುವುದು ಒಳ್ಳೆಯದು.

ಹವ್ಯಾಸದ ತಂತ್ರಾಂಶ ಕಚೇರಿಗೆ ನುಸುಳುವುದೇ ತೊಡಕು. ಸ್ಕೆಚ್‌ಅಪ್, ಫ್ಯೂಷನ್‌ಗಳ ಬಿಟ್ಟಿ ಆವೃತ್ತಿಗಳು ಸ್ವಂತದ, ವ್ಯಾಪಾರವಲ್ಲದ ಬಳಕೆಗೆ ಮಾತ್ರ. ವಿದ್ಯಾರ್ಥಿಗಳಿಗೆ ಕೊಟ್ಟ ಆಟೋಕ್ಯಾಡ್ ಕಲಿಕೆಗೆ ಮಾತ್ರ. ತಮ್ಮೂರಿನ ಜಾಣ ಹುಡುಗನೊಬ್ಬ ಕಾಲೇಜಿನ ಪರವಾನಗಿಯಲ್ಲಿ ಸಮುದಾಯ ಭವನದ ನಕ್ಷೆ ಬರೆದುಕೊಡುತ್ತೇನೆಂದು ಪ್ರೀತಿಯಿಂದ ಮುಂದೆ ಬಂದರೆ ಅವನನ್ನು ಹಿಂದಕ್ಕೆ ಕಳುಹಿಸಬೇಡಿ. ಲಿಬ್ರೆಕ್ಯಾಡ್ ಅಥವಾ ಫ್ರೀಕ್ಯಾಡ್‌ನಲ್ಲಿ ಬರೆಯಲು ಹೇಳಿ, ಎಂಜಿನಿಯರರು ಪರಿಶೀಲಿಸಿ ಸಹಿ ಹಾಕಲಿ.

ಕೊನೆಯದಾಗಿ, ಮುಂದಿನ ಸಭೆಯಲ್ಲಿಯೇ ಮಾಡಬಹುದಾದ ಒಂದು ಕೆಲಸ. ಅರಿವು ಕೇಂದ್ರದ್ದೋ ಅಂಗನವಾಡಿಯದೋ ನಕ್ಷೆ ಬಂದರೆ ಇಳಿಜಾರು ದಾರಿಯನ್ನು ನೋಡಿ. ಗಾಲಿಕುರ್ಚಿ ಏರಲು ಒಂದಕ್ಕೆ ಹನ್ನೆರಡರ ಇಳಿಜಾರು ಬೇಕು. ಕಟ್ಟಡದ ನೆಲ 45 ಸೆಂಟಿಮೀಟರ್ ಎತ್ತರದಲ್ಲಿದ್ದರೆ ದಾರಿ 5.4 ಮೀಟರ್ ಉದ್ದವಿರಬೇಕು. ಹಾಳೆಯ ಮೂಲೆಯಲ್ಲಿ ಪ್ರಮಾಣ 1:100 ಎಂದಿದ್ದು, ಹಾಳೆಯನ್ನು ಕುಗ್ಗಿಸದೆ ಮುದ್ರಿಸಿದ್ದರೆ, ಶಾಲೆಯ ಮಕ್ಕಳ ಅಳತೆಪಟ್ಟಿಯನ್ನು ಆ ಗೆರೆಯ ಮೇಲಿಡಿ. 5.4 ಸೆಂಟಿಮೀಟರ್ ಇರಬೇಕು. ಎರಡೇ ಸೆಂಟಿಮೀಟರ್ ಇದ್ದರೆ ಕಡತವನ್ನು ಎಂಜಿನಿಯರರ ಎದುರಿಗೇ ತೆರೆಸಿ ಕೇಳಿ.