ಕೈ ತಪ್ಪಿದರೂ ತಪ್ಪದ ಅಳತೆ



ಬೆಂಗಳೂರಿನಿಂದ ರೈಲಿನಲ್ಲಿ ಬಂದರೆ ಬಂಗಾರಪೇಟೆಯಲ್ಲಿ ಒಂದು ಕವಲು ಹಳಿ ಕೋಲಾರದ ಚಿನ್ನದ ಗಣಿಗಳತ್ತ ಹೊರಳಿ ಮಾರಿಕುಪ್ಪಂನಲ್ಲಿ ಮುಗಿಯುತ್ತದೆ. ಫಿಟ್ಟರ್ ಕೆಲಸ ಬಲ್ಲವರು ಆ ದಾರಿಯ ಊರುಗಳಲ್ಲಿ ಬಹಳ. ಕ್ರಿಸ್ಮಸ್ ಹತ್ತಿರವಾದಂತೆ ಗಿಟಾರಿನ ದನಿಯೂ ಕೇಳುತ್ತದೆ. ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಕೈಗೆ ಹತ್ತಿದ ಅಭ್ಯಾಸ ಅಷ್ಟು ಬೇಗ ಹೋಗುವುದಿಲ್ಲ. ಅರ ಹಿಡಿದು ಕಲಿತ ನಾನು ಗಿಟಾರ್ ರಿಪೇರಿಗೆ ಇಳಿದೆ.

ಇಂದು ಹೇಳಹೊರಟಿರುವುದು ‘ಜಿಗ್’ ಎಂಬ ಸಾಧನದ ಬಗ್ಗೆ. ಕೆಲಸದ ತುಂಡನ್ನು ಅಲುಗದಂತೆ ಹಿಡಿದು, ಉಪಕರಣ ಎಲ್ಲಿಯವರೆಗೆ ಹೋಗಬೇಕೋ ಅಲ್ಲಿಗೇ ತಡೆಯುವ ಚೌಕಟ್ಟು ಅದು. ನಿಮ್ಮ ಮನೆಯ ಚಕ್ಕುಲಿ ಒರಳನ್ನು ನೆನೆಯಿರಿ. ಒತ್ತುವವರು ಅಜ್ಜಿಯಾದರೂ ಮೊಮ್ಮಗಳಾದರೂ ಎಳೆಯ ದಪ್ಪ ಒಂದೇ.

ವೀಣೆಯಲ್ಲಿ 24 ಮೆಟ್ಟಿಲುಗಳು ದಂಡಿಯ ಮೇಲಿನ ಮೇಣದಲ್ಲಿ ಕೂತಿರುತ್ತವೆ. ಸ್ವರ ತಪ್ಪಿದರೆ ಮೇಣ ಮೆದುಮಾಡಿ ಮೆಟ್ಟಿಲನ್ನು ಸರಿಸಬಹುದು. ಗಿಟಾರಿನಲ್ಲಿ ಆ ಅನುಕೂಲವಿಲ್ಲ. ಕತ್ತಿನ ಮೇಲಿನ ಬೀಟೆ ಪಟ್ಟಿಯಲ್ಲಿ ಸೀಳು ಕೊಯ್ದು ತಂತಿಯನ್ನು ಬಡಿದು ಕೂರಿಸಿರುತ್ತಾರೆ. ಮರ ಎಲ್ಲಿ ಉಬ್ಬಿದೆಯೋ ಅಲ್ಲಿ ಮೆಟ್ಟಿಲೂ ಉಬ್ಬುತ್ತದೆ. ಹನ್ನೆರಡನೆಯ ಮೆಟ್ಟಿಲಿನ ಮೇಲೆ ತಂತಿಯ ಎತ್ತರ ಸುಮಾರು 2 ಮಿಲಿಮೀಟರ್ ಮಾತ್ರ. ಅರ್ಧ ಮಿಲಿಮೀಟರ್ ಉಬ್ಬಿದ್ದರೂ ತಂತಿ ತಗುಲಿ ಗುಂಯ್‌ಗುಡುತ್ತದೆ.

ಇದನ್ನು ನಾನು ಕಲಿತದ್ದು ಕೆಡಿಸಿಯೇ. ಬಂಗಾರಪೇಟೆಯ ಕಾಲೇಜು ಹುಡುಗನೊಬ್ಬ ಗಿಟಾರ್ ತಂದುಕೊಟ್ಟ. ಅವನ ತಂದೆ ದಿನವೂ ನಸುಕಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುವವರು. ಆ ದುಡ್ಡಿನಿಂದ ಕೊಂಡ ವಾದ್ಯ. ನಾನು ಹಳೆಯ ಮೆಟ್ಟಿಲು ಕಿತ್ತು, ಉಪ್ಪುಕಾಗದವನ್ನು ಬರಿಗೈಯಲ್ಲಿ ಹಿಡಿದು ಉಜ್ಜಿದೆ. ಎರಡು ತುದಿಗಳು ತಗ್ಗಿದವು, ನಡುವೆ ದಿಬ್ಬ ಉಳಿಯಿತು. ಸವೆಸಿದ ಮರವನ್ನು ಯಾರು ಮರಳಿ ಅಂಟಿಸುತ್ತಾರೆ? ಆ ಕ್ರಿಸ್ಮಸ್‌ಗೆ ಅವನು ಬೇರೆಯವರ ಗಿಟಾರ್ ಎರವಲು ತಂದು ನುಡಿಸಿದ. ಹೊಸ ಬೀಟೆ ಪಟ್ಟಿಯನ್ನು ನಾನೇ ಕೊಂಡೆ, ಉಜ್ಜುವ ಮೊದಲು ಜಿಗ್ ಕಟ್ಟಿದೆ.

ದಪ್ಪ ಪ್ಲೈವುಡ್ ಹಲಗೆಯ ಮೇಲೆ ಕತ್ತನ್ನು ಬಟ್ಟೆಯಿಟ್ಟು, ಬಾಗದಂತೆ ಅಡಿಯಲ್ಲಿ ಆಸರೆ ಕೊಟ್ಟು ಬಿಗಿಯಬೇಕು. ಎರಡು ಪಕ್ಕಗಳಲ್ಲಿ ಒಂದೇ ಎತ್ತರದ ತೇಗದ ಪಟ್ಟಿಗಳು, ರೈಲು ಹಳಿಗಳ ಹಾಗೆ. ಅವು ನೇರವಾಗಿವೆಯೇ? ಪಟ್ಟಿಯ ಅಂಚಿನಗುಂಟ ಕಾಗದದ ಮೇಲೆ ಗೆರೆ ಎಳೆಯಿರಿ. ಪಟ್ಟಿಯನ್ನು ಮಗುಚಿ, ಅದೇ ಅಂಚನ್ನು ಅದೇ ತುದಿಗಳಿಗೆ ಸೇರಿಸಿ ಮತ್ತೆ ಎಳೆಯಿರಿ. ಎರಡು ಗೆರೆಗಳು ಒಂದಾದರೆ ಅಂಚು ನೇರ. ನಿಮ್ಮ ಸ್ಕೇಲನ್ನೂ ಹೀಗೆ ಪರೀಕ್ಷಿಸಬಹುದು. ಕೆಲವು ಸ್ಕೇಲುಗಳು ನಾಚಿಕೆಪಡುತ್ತವೆ!

ಎರಡೂ ಹಳಿಗಳನ್ನು ಮುಟ್ಟುವಷ್ಟು ಅಗಲದ ಮರದ ದಿಮ್ಮಿಯ ನಡುಭಾಗಕ್ಕೆ ಮಾತ್ರ ಉಪ್ಪುಕಾಗದ ಅಂಟಿಸಿ. ಮೊದಲು ದಿಮ್ಮಿ ಕತ್ತಿನ ಮೇಲೆ ಸವಾರಿ ಮಾಡುತ್ತದೆ. ಮರ ತಗ್ಗಿದಂತೆ ದಿಮ್ಮಿಯ ತುದಿಗಳು ಹಳಿಯ ಮೇಲೆ ಕೂರುತ್ತವೆ. ಆಮೇಲೆ ನೀವೆಷ್ಟು ಉಜ್ಜಿದರೂ ಕಾಗದ ಕಚ್ಚದು. ಕಾಗದದ ದಪ್ಪವನ್ನು ನಾನು ಮೊದಲು ಲೆಕ್ಕಕ್ಕೆ ಹಿಡಿದಿರಲಿಲ್ಲ. ಅದೇ ಕಾಗದದ ತುಂಡುಗಳನ್ನು ನುಣುಪು ಬದಿ ಹೊರಗೆ ಮಾಡಿ ದಿಮ್ಮಿಯ ತುದಿಗಳಿಗೂ ಅಂಟಿಸಿದ ಮೇಲೆ ಅಳತೆ ಸರಿಹೋಯಿತು.

ಅನೇಕ ಗಿಟಾರುಗಳಲ್ಲಿ ಪಟ್ಟಿ ಅಡ್ಡಲಾಗಿ ಸ್ವಲ್ಪ ಕಮಾನಾಗಿರುತ್ತದೆ. ಕಮಾನಿನ ತ್ರಿಜ್ಯ 305 ಮಿಲಿಮೀಟರ್, ಅಗಲ 52 ಎನ್ನೋಣ. ಅರ್ಧ ಅಗಲ 26ರ ವರ್ಗವನ್ನು ತ್ರಿಜ್ಯದ ಎರಡರಷ್ಟರಿಂದ, ಅಂದರೆ 610ರಿಂದ ಭಾಗಿಸಿದರೆ ಸುಮಾರು 1.1. ನಡುಭಾಗ ಅಂಚಿಗಿಂತ ಅಷ್ಟು ಮಿಲಿಮೀಟರ್ ಎತ್ತರ. ನಿಮ್ಮ ಜ್ಯಾಮಿತಿ ಪುಸ್ತಕದ ವೃತ್ತ ಇಲ್ಲಿ ಕೆಲಸಕ್ಕೆ ಬಂತು. ದಿಮ್ಮಿಯ ನಡುವನ್ನು ಇದೇ ಕಮಾನಿಗೆ ಒಳಬಾಗಿಸಿ, ಅದು ಪಕ್ಕಕ್ಕೆ ಸರಿಯದಂತೆ ಹಳಿಗಳ ಹೊರಗೆ ತಡೆಪಟ್ಟಿ ಹೊಡೆಯಬೇಕು.

ಮೂಗಿಗೆ ಮುಖವಾಡ ಮರೆಯಬೇಡಿ. ಬೀಟೆಯ ದೂಳು ಉಸಿರಿಗೂ ಚರ್ಮಕ್ಕೂ ಕಿರಿಕಿರಿ. ಸಯನೈಡ್ ದಿಬ್ಬಗಳ ದೂಳು ಗಾಳಿಗೆ ಏಳುವುದನ್ನು ಕಂಡು ಬೆಳೆದ ಕೆಜಿಎಫ್ ಮಕ್ಕಳಿಗೆ ಇದನ್ನು ವಿವರಿಸಬೇಕಿಲ್ಲ.

80ನೇ ನಂಬರಿನ ಕಾಗದದಿಂದ ತೊಡಗಿ 120, ಆಮೇಲೆ 220. ನಂಬರು ಏರಿದಂತೆ ಕಣ ನಯ. ಪ್ರತಿಸಲ ಉಜ್ಜುವ ಮೊದಲು ಪಟ್ಟಿಯ ತುಂಬ ಅಡ್ಡಡ್ಡ ಗೆರೆ ಎಳೆಯಿರಿ. ಬೀಟೆ ಕಪ್ಪಾದ್ದರಿಂದ ನಾನು ಬಿಳಿ ಪೆನ್ಸಿಲ್ ಬಳಸುತ್ತೇನೆ. ಗೆರೆ ಉಳಿದ ಜಾಗ ತಗ್ಗು. ಆ ಹುಡುಗನ ಪಟ್ಟಿಯಲ್ಲಿ ಮೂರನೆಯ ಸಲಕ್ಕೆ ಗೆರೆಗಳೆಲ್ಲ ಒಟ್ಟಿಗೆ ಅಳಿಸಿಹೋದವು. ಆಗ ದಿಮ್ಮಿಯನ್ನು ಕೆಳಗಿಟ್ಟೆ.