ಒಂದೇ ಉಚ್ಚಾರ, ಬೇರೆ ಬೇರೆ ಅರ್ಥ
(ಶತಮಾನೋತ್ಸವದ ಶೈಕ್ಷಣಿಕ ಗೋಷ್ಠಿಯಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



ಕನ್ನಡ ಮಾಧ್ಯಮದಲ್ಲಿ ಓದಿದ ಮಗು ಮುಂದೆ ಕಾಲೇಜಿನಲ್ಲಿ ಇಂಗ್ಲಿಷಿನೆದುರು ಮೂಕವಾದೀತೆಂಬ ಅಳುಕು ಕಾಸರಗೋಡಿನ ಅನೇಕ ಮನೆಗಳಲ್ಲಿದೆ. ಆ ಅಳುಕಿನಿಂದಲೇ ಕೆಲವರು ಮಕ್ಕಳನ್ನು ಬೇರೆ ಮಾಧ್ಯಮಕ್ಕೆ ಸೇರಿಸುತ್ತಾರೆ. ಆದುದರಿಂದ ಇಂಗ್ಲಿಷಿನಲ್ಲಿ ಮಕ್ಕಳನ್ನು ಕಾಡುವ ಎರಡು ಸಂಗತಿಗಳನ್ನು, ಒಂದೇ ಬಗೆಯಾಗಿ ಕೇಳಿಸುವ ಪದಗಳನ್ನೂ ಬ್ರಿಟಿಷರ ಬೀದಿಮಾತನ್ನೂ, ಇಂದು ವಿಚಾರಕ್ಕೆ ಎತ್ತಿಕೊಂಡಿದ್ದೇವೆ.

'ನೈಟ್' ಎಂದರೆ ರಾತ್ರಿ. ಮೊದಲಿಗೆ 'ಕೆ' ಅಕ್ಷರ ಸೇರಿಸಿ ಬರೆದರೆ ಅದೇ 'ನೈಟ್' ಕುದುರೆಯೇರಿದ ವೀರ. ಉಚ್ಚರಿಸದ ಅಕ್ಷರವನ್ನು ಬರೆಯುವುದೇಕೆಂದು ಮಕ್ಕಳು ಕೇಳುತ್ತಾರೆ, ಪ್ರಶ್ನೆ ನ್ಯಾಯವಾದದ್ದೇ. ಹಿಂದೆ ಆಂಗ್ಲರು ಆ ಕಕಾರವನ್ನು ಉಚ್ಚರಿಸುತ್ತಿದ್ದರು. 1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ಇಂಗ್ಲೆಂಡಿನಲ್ಲಿ ಮುದ್ರಣಾಲಯ ಸ್ಥಾಪಿಸಿದ ಬಳಿಕ ಬರಹದ ರೂಪ ಕ್ರಮೇಣ ನೆಲೆನಿಂತಿತು. ನಾಲಗೆ ಮಾತ್ರ ಬದಲಾಗುತ್ತ ಹೋಯಿತು.

'ಸ್ಟೇಷನರಿ' ಎಂಬ ಉಚ್ಚಾರಕ್ಕೂ ಎರಡು ಬರಹಗಳಿವೆ. ಒಂದರ ಅರ್ಥ ಕಾಗದ, ಲೇಖನಿ ಮುಂತಾದವು. ಇನ್ನೊಂದರದು ನಿಂತಲ್ಲೇ ನಿಂತಿರುವುದು. ಮಧ್ಯಯುಗದ ಯುರೋಪಿನಲ್ಲಿ ಊರೂರು ತಿರುಗದೆ ಒಂದೆಡೆ ಅಂಗಡಿಯಿಟ್ಟು ಪುಸ್ತಕ ಮಾರುತ್ತಿದ್ದವನೇ 'ಸ್ಟೇಷನರ್'. ಹೀಗೆ ಎರಡೂ ಒಂದೇ ಬೇರಿನವು. 'ಪ್ರಿನ್ಸಿಪಲ್' ಒಂದು ಬರಹದಲ್ಲಿ ಸಂಸ್ಥೆಯ ಮುಖ್ಯಸ್ಥರು, ಇನ್ನೊಂದರಲ್ಲಿ ತತ್ತ್ವ. ಎರಡೂ ಒಬ್ಬರಲ್ಲೇ ಇದ್ದರೆ ಸಂಸ್ಥೆಗೆ ಕ್ಷೇಮ!

ಇನ್ನು ಬೀದಿಮಾತು. ಬ್ರಿಟನ್ನಿನಲ್ಲಿ ಪೌಂಡಿಗೆ 'ಕ್ವಿಡ್' ಎನ್ನುತ್ತಾರೆ. 1971ರಲ್ಲಿ ದಶಮಾಂಶ ನಾಣ್ಯಪದ್ಧತಿ ಬರುವ ತನಕ ಇಪ್ಪತ್ತು ಷಿಲಿಂಗಿಗೆ ಒಂದು ಪೌಂಡ್. ಆ ಷಿಲಿಂಗಿಗೆ ಜನರಿಟ್ಟ ಹೆಸರು 'ಬಾಬ್'. ಪೂರ್ವ ಲಂಡನ್ನಿನ ಶ್ರಮಜೀವಿಗಳು ಪ್ರಾಸದಿಂದಲೇ ಒಂದು ಗುಟ್ಟಿನ ನುಡಿ ಕಟ್ಟಿದರು. ಅವರ ಮಾತಿನಲ್ಲಿ 'ಆ್ಯಪಲ್ಸ್ ಆ್ಯಂಡ್ ಪೇರ್ಸ್' ಎಂದರೆ ಹಣ್ಣುಗಳಲ್ಲ, 'ಸ್ಟೇರ್ಸ್' ಎಂಬ ಮೆಟ್ಟಿಲುಗಳು. ಇಂತಹ ಮಾತನ್ನು ತಿಳಿದಿರಬೇಕು, ಪರೀಕ್ಷೆಯಲ್ಲಿ ಬರೆಯಬಾರದು.

ಅವರ ಬೀದಿಮಾತಿನಲ್ಲಿ ನಮ್ಮ ದೇಶದ ಪಾಲೂ ಇದೆ. 'ದೇಖೋ' ಎಂಬ ಹಿಂದಿಯ ಮಾತು ಸೈನಿಕರ ಬಾಯಲ್ಲಿ 'ಡೆಕ್ಕೋ' ಆಗಿ, ಒಂದು ನೋಟ ಎಂಬ ಅರ್ಥ ತಳೆಯಿತು. 'ವಿಲಾಯತಿ' ಎಂಬುದು 'ಬ್ಲೈಟಿ' ಆಯಿತು. ಮೊದಲ ಮಹಾಯುದ್ಧದಲ್ಲಿ ಆಂಗ್ಲ ಸೈನಿಕರು ತಾಯ್ನಾಡನ್ನು ನೆನೆದುದು ಆ ಹೆಸರಿನಿಂದ.

ಮಹನೀಯರೇ, ಒಂದೇ ಬಗೆಯ ಉಲಿಯಲ್ಲಿ ಬೇರೆ ಅರ್ಥ ಹುಡುಕುವ ವಿದ್ಯೆ ಈ ನೆಲದ ಮಕ್ಕಳಿಗೆ ಹೊಸದೇ? ಕನ್ನಡದಲ್ಲಿ 'ಅಪ್ಪ' ತಂದೆ, ತುಳುವಿನಲ್ಲಿ 'ಅಪ್ಪೆ' ತಾಯಿ. ನಮಗೆ 'ಅಮ್ಮ' ತಾಯಿ, ತುಳುವರಿಗೆ 'ಅಮ್ಮೆ' ತಂದೆ. ಕನ್ನಡದ 'ಪಟ್ಟಿ' ಹೆಸರುಗಳ ಸಾಲು, ಮಲಯಾಳದ 'ಪಟ್ಟಿ' ನಾಯಿ. ಕನ್ನಡದೊಳಗೇ 'ಹೊತ್ತು ಮುಳುಗಿತು', 'ಹೊರೆ ಹೊತ್ತು ನಡೆದನು' ಎಂಬಲ್ಲಿ ಬರಹವೂ ಒಂದೇ. ಆದರೂ ಯಾವ ಮಗುವೂ ತೊಡಕಿಗೆ ಸಿಕ್ಕುವುದಿಲ್ಲ. ವಾಕ್ಯವೇ ಅರ್ಥವನ್ನು ಕೈಹಿಡಿದು ತೋರಿಸುತ್ತದೆ. ಮನೆಯಲ್ಲೊಂದು, ಪೇಟೆಯಲ್ಲೊಂದು, ಶಾಲೆಯಲ್ಲೊಂದು ನುಡಿಯಾಡುವ ಮಗು ಈ ಜಾಣ್ಮೆಯನ್ನು ದಿನವೂ ಬಳಸುತ್ತಿದೆ.

ಆದಕಾರಣ ಶಿಕ್ಷಕ ಮಿತ್ರರಲ್ಲಿ ನಮ್ಮ ವಿನಂತಿ ಇಷ್ಟೇ: ಪದಗಳ ಪಟ್ಟಿ ಬಾಯಿಪಾಠ ಮಾಡಿಸುವ ಬದಲು ಪ್ರತಿ ಪದಕ್ಕೂ ಮಗುವಿನಿಂದ ಒಂದು ವಾಕ್ಯ ಬರೆಯಿಸಿರಿ; ಅರ್ಥವನ್ನು ಕನ್ನಡದಲ್ಲಿ ಹೇಳಿಸಿರಿ; ತಪ್ಪಿದಾಗ ನಗಬೇಡಿರಿ, ಇತರರು ನಗಲು ಬಿಡಬೇಡಿರಿ. ರಕ್ಷಕರೇ, ಇಂಗ್ಲಿಷ್ ಕಲಿಯಲು ಕನ್ನಡವನ್ನು ತೊರೆಯಬೇಕಾಗಿಲ್ಲ. ತಾನು ಬಲ್ಲ ನುಡಿಯ ಮೇಲೆ ಕಾಲೂರಿ ನಿಂತ ಮಗುವಿಗೆ ಇನ್ನೊಂದು ನುಡಿ ಎಟುಕುತ್ತದೆ. ಈ ಶಾಲೆಯ ಎರಡನೆಯ ಶತಮಾನವನ್ನು ಆ ಭರವಸೆಯಿಂದ ಆರಂಭಿಸೋಣ.