ಪರಸ್ಥಳದ ಗಿಡ-ಪ್ರಾಣಿಗಳನ್ನು ತರುವ ಮುಂಚೆ



ಯಾಣದ ಭೈರವೇಶ್ವರ ಶಿಖರವನ್ನು ನೋಡದವರು ಕುಮಟಾ ತಾಲೂಕಿನಲ್ಲಿ ಬಹಳ ಮಂದಿ ಇರಲಿಕ್ಕಿಲ್ಲ. ಸುಮಾರು 120 ಮೀಟರ್ ಎತ್ತರದ ಕರಿ ಸುಣ್ಣಗಲ್ಲು. ಹತ್ತಿರದಲ್ಲೇ 90 ಮೀಟರಿನ ಮೋಹಿನಿ ಶಿಖರ. ಶಿವನು ಹಿಂದೆಮುಂದೆ ನೋಡದೆ ಭಸ್ಮಾಸುರನಿಗೆ ವರ ಕೊಟ್ಟು, ಆಮೇಲೆ ತಾನೇ ಓಡುವ ಪ್ರಸಂಗ ತಂದುಕೊಂಡ ಕಥೆಯನ್ನು ಹಿರಿಯರು ಆ ಕಲ್ಲಿನ ಬುಡದಲ್ಲಿ ನಿಂತು ಮಕ್ಕಳಿಗೆ ಹೇಳುವದುಂಟು. ನಾನು ಪುರಾಣ ಹೇಳಲಿಕ್ಕೆ ಬಂದವನಲ್ಲ. ಆದರೆ ನಮ್ಮ ತೋಟ, ಗದ್ದೆ, ಸೊಪ್ಪಿನ ಬೆಟ್ಟಗಳಲ್ಲಿಯೂ ಇಂಥ ವರ ಪಡೆದವರು ಕೆಲವರು ಸೇರಿಕೊಂಡಿದ್ದಾರೆ. ದೂರದ ದೇಶಗಳಿಂದ ಅವರನ್ನು ಎತ್ತಿ ತಂದು ಇಲ್ಲಿ ಬಿಟ್ಟವರು ಮನುಷ್ಯರೇ. ಈ ಹೊತ್ತು ಆ ವಿಷಯವಾಗಿ ನಾಲ್ಕು ಮಾತು ಆಡಬೇಕೆಂದಿದ್ದೇನೆ.

ಹೊರಗಿನಿಂದ ಬಂದದ್ದೆಲ್ಲ ಕೆಟ್ಟದ್ದು ಎಂದು ಹೇಳುವವನು ನಾನಲ್ಲ. ದಿನಾ ನಿಮ್ಮ ಸಾರಿಗೆ ಬೀಳುವ ಮೆಣಸಿನಕಾಯಿ ಅಮೇರಿಕಾ ಖಂಡದ್ದು. ಗೇರು ಬ್ರಾಝಿಲ್ ದೇಶದ್ದು. ಪೋರ್ತುಗೀಜರು ಹದಿನಾರನೆಯ ಶತಮಾನದಲ್ಲಿ ತಂದರು. ಪಪ್ಪಾಯಿ, ಅನಾನಸು, ಬಟಾಟೆ ಇವೂ ಹಡಗು ಹತ್ತಿ ಬಂದವೇ. ಗಾಳಿಮರವನ್ನು ನಮ್ಮ ಜಿಲ್ಲೆಯ ಕಾರವಾರದ ಉಸುಕಿನಲ್ಲಿ 1868ರಲ್ಲಿ ನೆಟ್ಟರು. ಇವೆಲ್ಲ ಬಹುಮಟ್ಟಿಗೆ ಹಚ್ಚಿದ ಜಾಗದಲ್ಲಿ ನಿಂತವು, ಮನೆಗೆ ಬಂದ ಸೊಸೆಯ ಹಾಗೆ ಹೊಂದಿಕೊಂಡವು. ಕೆಲವು ಹಾಗಲ್ಲ. ನಾವು ಒಂದು ಕಡೆ ಇಟ್ಟರೆ ಹತ್ತು ಕಡೆ ಹೋಗಿ ಕೂತವು.

ಯಾಕೆ ಹೀಗಾಗುತ್ತದೆ? ಯಾವ ಗಿಡವೇ ಇರಲಿ, ತನ್ನ ಹುಟ್ಟೂರಿನಲ್ಲಿ ಅದಕ್ಕೆ ವೈರಿಗಳು ಇದ್ದೇ ಇರುತ್ತಾರೆ. ಎಲೆ ತಿನ್ನಲಿಕ್ಕೆ ಒಂದು ಹುಳ, ಕಾಂಡ ಕೊರೆಯಲಿಕ್ಕೆ ಇನ್ನೊಂದು, ಬೀಜಕ್ಕೆ ಮತ್ತೊಂದು, ಮೇಲಿಂದ ಬೂಷ್ಟು ರೋಗ. ಹೀಗಾಗಿ ಅದು ಮಿತಿಯಲ್ಲಿರುತ್ತದೆ. ಅದನ್ನು ಸಮುದ್ರ ದಾಟಿಸಿ ತಂದಾಗ ಗಿಡ ಮಾತ್ರ ಬರುತ್ತದೆ, ವೈರಿಗಳು ಬರುವದಿಲ್ಲ. ಸಾಲ ಕೊಟ್ಟವರನ್ನೆಲ್ಲ ಹಳೇ ಊರಲ್ಲಿ ಬಿಟ್ಟು ಬಂದು ಹೊಸ ಊರಲ್ಲಿ ಅಂಗಡಿ ಹಾಕಿದವನ ಹಾಗೆ ಅದರ ಕಾರಭಾರ ನಡೆಯುತ್ತದೆ. ನಮ್ಮ ಊರಿನ ಮತ್ತಿ, ಹೊನ್ನೆ, ಮುರುಗಲು ತಮ್ಮ ಹುಳಗಳಿಗೆ ದಿನಾ ಬಡ್ಡಿ ಕಟ್ಟುತ್ತಲೇ ಇರುತ್ತವೆ. ಸ್ಪರ್ಧೆಯಲ್ಲಿ ಯಾರು ಗೆಲ್ಲುತ್ತಾರೆ, ನೀವೇ ಹೇಳಿ.

ಯಾಣದ ಕಡೆಗೆ ಹೋಗುವಾಗ ರಸ್ತೆಯ ಮಗ್ಗುಲನ್ನು ನೋಡುತ್ತ ನಡೆಯಿರಿ. ಬಿಸಿಲು ಬೀಳುವ ಅಂಚಿನಲ್ಲಿ, ಮಣ್ಣು ಕೆದಕಿದ ಜಾಗದಲ್ಲಿ ಯುಪಟೋರಿಯಂ ನಿಂತಿರುತ್ತದೆ. ಕೆಲವು ಕಡೆ ಅದಕ್ಕೆ ಕಮ್ಯುನಿಸ್ಟ್ ಗಿಡ ಅನ್ನುತ್ತಾರೆ. ಹೆಸರಿನ ಕಾರಣ ನನ್ನನ್ನು ಕೇಳಬೇಡಿ. ಅದರ ತವರು ಅಮೇರಿಕಾ ಖಂಡ. ಲಾಂಟಾನಾ ಕೂಡ ಅಲ್ಲಿಯದೇ. 1809ರ ಸುಮಾರಿಗೆ ಕಲಕತ್ತೆಯ ಸಸ್ಯೋದ್ಯಾನಕ್ಕೆ ಹೂವಿನ ಚೆಂದಕ್ಕಾಗಿ ತಂದರು. ಹೂವು ಚೆಂದವೇ, ಸುಳ್ಳಲ್ಲ. ಹಣ್ಣನ್ನು ಹಕ್ಕಿ ತಿಂದು ಬೀಜವನ್ನು ಗುಡ್ಡಗುಡ್ಡಕ್ಕೆ ಹಾಕಿತು. ಯುಪಟೋರಿಯಂ ಬೀಜಕ್ಕಾದರೆ ಹಕ್ಕಿಯೂ ಬೇಡ, ಗಾಳಿಯೇ ಸಾಕು.

ಇನ್ನೂ ಒಂದು ಸಂಗತಿ ಗಮನಿಸಿ. ರಸ್ತೆ ಬಿಟ್ಟು ಒಳಗೆ ಹೋದರೆ, ಮರಗಳ ನೆರಳು ಗಟ್ಟಿಯಾಗಿರುವಲ್ಲಿ, ಯುಪಟೋರಿಯಂ ಇರುವದಿಲ್ಲ. ಅದಕ್ಕೆ ಬಿಸಿಲು ಬೇಕು. ಸೊಪ್ಪಿನ ಬೆಟ್ಟದ ರೈತರಿಗೆ ಇದರಲ್ಲಿ ಪಾಠವುಂಟು. ಬೆಟ್ಟದ ಮರದ ತುದಿಯನ್ನೂ ಬಿಡದೆ ವರ್ಷ ವರ್ಷ ಬೋಳಿಸಿದರೆ ನೆಲಕ್ಕೆ ಬಿಸಿಲು ಬೀಳುತ್ತದೆ, ಆ ಬಿಸಿಲಿಗೆ ಈ ಗಿಡ ಬರುತ್ತದೆ, ಅದರ ದಟ್ಟಣೆಯಲ್ಲಿ ಮತ್ತಿ-ನೆಲ್ಲಿಯ ಎಳೆ ಸಸಿ ಮೇಲೇಳುವದಿಲ್ಲ. ಹತ್ತು ವರ್ಷಕ್ಕೆ ಬೆಟ್ಟದಲ್ಲಿ ಮುದುಕ ಮರಗಳು ಮಾತ್ರ ಉಳಿಯುತ್ತವೆ, ಮಕ್ಕಳು ಇಲ್ಲ. ಆಗ ತೋಟಕ್ಕೆ ಸೊಪ್ಪು ಎಲ್ಲಿಂದ ತರುತ್ತೀರಿ? ಹಾಗಾಗಿ ಮೂರರಲ್ಲಿ ಒಂದು ಪಾಲು ಬೆಟ್ಟಕ್ಕಾದರೂ ಸರದಿಯ ಮೇಲೆ ಬಿಡುವು ಕೊಡಿರಿ. ಮರದ ನೆತ್ತಿಯನ್ನು ಮುಟ್ಟಬೇಡಿ. ಈಗಾಗಲೇ ಬಂದ ಯುಪಟೋರಿಯಂನ್ನು ಹೂ ಬಿಡುವ ಮೊದಲೇ, ಅಂದರೆ ದೀಪಾವಳಿಯ ಒಳಗೆ, ಕಡಿದು ಗೊಬ್ಬರದ ಗುಂಡಿಗೆ ಹಾಕಿ. ಒಳ್ಳೆಯ ಹಸಿರು ಗೊಬ್ಬರವಾಗುತ್ತದೆ. ಹೂ ಬಿಟ್ಟ ಮೇಲೆ ತೋಟಕ್ಕೆ ಹೊತ್ತು ತಂದರೆ ನೀವೇ ಬೀಜ ಬಿತ್ತಿದ ಹಾಗೆ. ದನಗಳಿಗೆ ಮಾತ್ರ ಹಾಕಬೇಡಿ, ಅದು ಮೇವಲ್ಲ.

ಬೆಟ್ಟದ ಮಾತು ಬಂದಾಗ ಅಕೇಶಿಯಾ ಬಿಡಲಿಕ್ಕಾಗುವದಿಲ್ಲ. ಆಸ್ಟ್ರೇಲಿಯಾ, ನ್ಯೂಗಿನಿ ಕಡೆಯ ಈ ಮರ 1946ರಲ್ಲಿ ನಮ್ಮ ದೇಶಕ್ಕೆ ಬಂತು. ನಮ್ಮ ಗುಡ್ಡಗಳಿಗೆ ಹೆಚ್ಚಾಗಿ ಹಬ್ಬಿದ್ದು 1980ರ ನಂತರದ ನೆಡುತೋಪುಗಳಿಂದ. ನ್ಯಾಯವಾಗಿ ಹೇಳಬೇಕೆಂದರೆ, ಏನೂ ಬೆಳೆಯದ ಬೋಳು ಜಂಬಿಟ್ಟಿಗೆಯ ಮೇಲೆ ಅದು ಬೆಳೆಯಿತು, ಎಷ್ಟೋ ಮನೆಗಳ ಒಲೆ ಉರಿಸಿತು. ಬೋಳುಗುಡ್ಡಕ್ಕೆ ಸೌದೆಗಾಗಿ ಹಾಕಿದವರನ್ನು ನಾನು ತಪ್ಪೆನ್ನುವದಿಲ್ಲ. ಆದರೆ ಇದ್ದ ಬೆಟ್ಟದ ಜಾತಿ ಮರ ಕಡಿದು ಅದನ್ನು ಹಚ್ಚುವದು ಲೆಕ್ಕಕ್ಕೆ ಬಾರದ ವ್ಯವಹಾರ. ಅದರ ಎಲೆ ತೊಗಲಿನ ಹಾಗೆ, ಬೇಗ ಕೊಳೆಯುವದಿಲ್ಲ, ದನ ಮೂಸುವದಿಲ್ಲ, ಕೆಳಗೆ ಹುಲ್ಲೂ ಕಡಿಮೆ. ಉಪ್ಪಾಗೆ, ಮುರುಗಲು, ಅಂಟುವಾಳ ಇದ್ದ ಬೆಟ್ಟ ವರ್ಷವೂ ಕೈಗೆ ನಾಲ್ಕು ಕಾಸು ಕೊಡುತ್ತದೆ. ಅಕೇಶಿಯಾ ಕೊಡುವದು ಕಡಿದಾಗ ಒಂದೇ ಸಲ.

ಇಷ್ಟು ಕೇಳಿದ ಮೇಲೆ ಒಬ್ಬ ಹಿರಿಯ ರೈತರು ನನ್ನನ್ನು ಕೇಳಿದ ಪ್ರಶ್ನೆ ನಿಮ್ಮ ಮನಸ್ಸಿಗೂ ಬಂದೀತು. ‘ಅಲ್ರೀ, ಗಿಡದ ವೈರಿಗಳು ಹಿಂದೆ ಉಳಿದವು ಅಂತೀರಿ, ಹಾಗಿದ್ದರೆ ಆ ವೈರಿಯನ್ನೂ ತಂದರಾಯಿತಲ್ಲ?’ ಸರಿಯಾದ ಪ್ರಶ್ನೆ. ತಂದದ್ದುಂಟು, ಗೆದ್ದದ್ದೂ ಉಂಟು. 1795ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ ಬಟ್ಟೆಗೆ ಕೆಂಪು ಬಣ್ಣ ಕೊಡುವ ಹುಳವೆಂದು ತಿಳಿದು ಬ್ರಾಝಿಲಿನಿಂದ ಒಂದು ಹುಳ ತಂದರು. ಅದು ಬೇರೆಯೇ ಜಾತಿ, ಬಣ್ಣ ಸಿಗಲಿಲ್ಲ. ಆದರೆ ಹೊಲಗಳನ್ನು ಮುತ್ತಿದ್ದ ಒಂದು ಜಾತಿಯ ಪಾಪಾಸುಕಳ್ಳಿಯನ್ನು ಅದು ತಿಂದು ಮುಗಿಸಿತು! ಇನ್ನೊಂದು ಜಾತಿಯ ಕಳ್ಳಿಗೆ 1926ರಲ್ಲಿ ಸಿಂಹಳದಿಂದ ಬೇರೆ ಹುಳ ತರಿಸಿದರು. ದಕ್ಷಿಣ ಭಾರತದಲ್ಲಿ ಅದೂ ಕೆಲಸ ಮಾಡಿತು. ನಮ್ಮ ಕಾಲಕ್ಕೆ ಹತ್ತಿರದ್ದೆಂದರೆ, ಕೆರೆ ಮುಚ್ಚುವ ಸಾಲ್ವಿನಿಯಾ ಎಂಬ ತೇಲುಕಳೆಗೆ 1982ರಲ್ಲಿ ಆಸ್ಟ್ರೇಲಿಯಾದಿಂದ ಒಂದು ಸಣ್ಣ ಮೂತಿಹುಳವನ್ನು ಬೆಂಗಳೂರಿಗೆ ತರಿಸಿದರು. ಬೇರೆ ಬೆಳೆಗಳನ್ನು ತಿನ್ನುವದೋ ಇಲ್ಲವೋ ಎಂದು ಬಂದೋಬಸ್ತಿನ ಕೋಣೆಯಲ್ಲಿಟ್ಟು ಪರೀಕ್ಷೆ ಮಾಡಿ, ಆಮೇಲೆ ಬಿಟ್ಟರು. ಬೆಂಗಳೂರಿನ ಕೊಳವೂ ತೆರವಾಯಿತು, ಕೇರಳದ ಹಿನ್ನೀರುಗಳಲ್ಲೂ ದೋಣಿ ನಡೆಯುವಂತಾಯಿತು.

ಹಾಗೆಂದು ಇದು ಯಾರು ಬೇಕಾದರೂ ಮಾಡುವ ಕೆಲಸವಲ್ಲ. ಅದಕ್ಕೆ ಆಫ್ರಿಕಾದ ಬಸವನಹುಳುವಿನ ಕಥೆ ಕೇಳಿರಿ. ಈ ಹುಳ ಈಗ ನಮ್ಮ ಕರಾವಳಿ-ಮಲೆನಾಡಿನ ಎಷ್ಟೋ ತೋಟಗಳಲ್ಲಿ, ಕೊಡಗಿನ ಕಾಫಿ ತೋಟಗಳಲ್ಲಿ ಪೀಡೆಯಾಗಿದೆ. ಹುಟ್ಟೂರು ಪೂರ್ವ ಆಫ್ರಿಕಾ. ಅಲ್ಲಿಂದ ಮಾರಿಷಸ್ ದ್ವೀಪ. 1847ರಲ್ಲಿ ಬೆನ್ಸನ್ ಎಂಬ ಇಂಗ್ಲಿಷ್ ಅಧಿಕಾರಿ, ಶಂಖ-ಚಿಪ್ಪುಗಳ ಅಭ್ಯಾಸಿ, ಮಾರಿಷಸಿನಿಂದ ಜೀವಂತ ಹುಳಗಳನ್ನು ಕಲಕತ್ತೆಗೆ ತಂದರು. ಅವು ಚೌರಂಗಿಯ ಒಂದು ತೋಟ ಸೇರಿದವು. ಅಷ್ಟೇ ಆದದ್ದು. ಒಂದೊಂದು ಹುಳದಲ್ಲೂ ಗಂಡು-ಹೆಣ್ಣು ಎರಡೂ ಗುಣವಿದೆ. ಒಂದು ಸಲಕ್ಕೆ ನೂರರಿಂದ ನಾಲ್ಕು ನೂರರವರೆಗೆ ಮೊಟ್ಟೆ ಇಡುತ್ತದೆ. ಐದಾರು ವರ್ಷ ಬದುಕುತ್ತದೆ. ಬೇಸಿಗೆಯಲ್ಲಿ ಚಿಪ್ಪಿನ ಬಾಯಿ ಮುಚ್ಚಿಕೊಂಡು ತಿಂಗಳುಗಟ್ಟಲೆ ಮಲಗಿ, ಮಳೆ ಬಿದ್ದ ಕೂಡಲೇ ಏಳುತ್ತದೆ. ಬಾಳೆ, ಪಪ್ಪಾಯಿ, ವೀಳ್ಯದೆಲೆ, ಕಾಳುಮೆಣಸಿನ ಎಳೆ ಬಳ್ಳಿ, ಅಡಿಕೆಯ ಸಸಿ, ತರಕಾರಿ, ಯಾವದನ್ನೂ ಬಿಡುವದಿಲ್ಲ. ಚಿಪ್ಪು ಕಟ್ಟಲಿಕ್ಕೆ ಸುಣ್ಣ ಬೇಕಾಗಿ, ಸುಣ್ಣ ಬಳಿದ ಗೋಡೆಯನ್ನೂ ಕೆರೆದು ತಿನ್ನುತ್ತದೆ. ಯಾಣದ ಸುತ್ತಲಿನವರು ವಿಶೇಷ ಜಾಗರೂಕತೆಯಿಂದ ಇರಬೇಕೆಂದು ನಾನು ಹೇಳುವದು ಇದಕ್ಕೇ: ಅಲ್ಲಿ ಸುಣ್ಣಗಲ್ಲು, ತಂಪು, ನೆರಳು ಮೂರೂ ಉಂಟು. ಒಮ್ಮೆ ನೆಲೆಯಾದರೆ ಅದಕ್ಕೆ ಯಾವ ಕೊರತೆಯೂ ಇಲ್ಲ.

ಇದೇ ಹುಳ ಹವಾಯಿ ದ್ವೀಪಗಳಿಗೂ ಹೋಯಿತು. ಅಲ್ಲಿಯವರು ಅದನ್ನು ತಿನ್ನಲೆಂದು 1955ರಲ್ಲಿ ಇನ್ನೊಂದು ಬೇಟೆಗಾರ ಬಸವನಹುಳುವನ್ನು ತಂದು ಬಿಟ್ಟರು. ಮೊರೆಯಾ ಎಂಬ ಶಾಂತಸಾಗರದ ದ್ವೀಪದಲ್ಲಿ 1977ರಲ್ಲಿ ಅದನ್ನೇ ಮಾಡಿದರು. ಬೇಟೆಗಾರ ದೊಡ್ಡದನ್ನು ಬಿಟ್ಟು, ಮರದ ಮೇಲೆ ತನ್ನಷ್ಟಕ್ಕೆ ಇದ್ದ ಸ್ಥಳೀಯ ಸಣ್ಣ ಹುಳಗಳನ್ನು ಬೆನ್ನಟ್ಟಿತು. ಹತ್ತೇ ವರ್ಷದಲ್ಲಿ ಮೊರೆಯಾದ ಕಾಡಿನಲ್ಲಿ ಆ ಸ್ಥಳೀಯ ಜಾತಿಗಳು ನಿರ್ನಾಮವಾದವು. ಆಫ್ರಿಕಾದ ಹುಳ ಹಾಗೆಯೇ ಉಳಿಯಿತು. ಪರೀಕ್ಷೆ ಮಾಡಿ ಬಿಟ್ಟ ಮೂತಿಹುಳಕ್ಕೂ ಸಿಕ್ಕಿದ್ದೆಲ್ಲ ತಿನ್ನುವ ಈ ಬೇಟೆಗಾರನಿಗೂ ಇದ್ದ ವ್ಯತ್ಯಾಸ ಇಷ್ಟೇ.

ಈಗ ತೋಟದ ಕೆಲಸಕ್ಕೆ ಬರೋಣ. ಮೊದಲ ಮಳೆ ಬಿದ್ದ ರಾತ್ರಿಯೇ ಬ್ಯಾಟರಿ ಹಿಡಿದು ತೋಟದ ಅಂಚು ನೋಡಿರಿ. ಹುಳ ಕಂಡರೆ, ಸಂಜೆ ಗೋಣಿಚೀಲವನ್ನು ನೀರಲ್ಲಿ ತೋಯಿಸಿ ಅಲ್ಲಲ್ಲಿ ಹಾಸಿ, ಅಡಿಯಲ್ಲಿ ಪಪ್ಪಾಯಿ ಎಲೆ, ಕೋಸಿನ ಎಲೆ ಇಡಿ. ಬೆಳಗಾಗುವಾಗ ಅದರ ಕೆಳಗೆ ಕೂಡಿರುತ್ತವೆ. ಬರಿಗೈಯಲ್ಲಿ ಮುಟ್ಟಬೇಡಿ, ಇಲಿಯಿಂದ ಬರುವ ಒಂದು ಹುಳು ಇದರ ಮೈಯಲ್ಲಿದ್ದು ಮನುಷ್ಯರ ಮೆದುಳಿಗೆ ರೋಗ ತರಬಲ್ಲದು. ಕೈಚೀಲ ಹಾಕಿಕೊಂಡು ಹೆಕ್ಕಿ, ಬಕೆಟಿನ ಗಟ್ಟಿ ಉಪ್ಪುನೀರಿಗೆ ಹಾಕಿ ಸಾಯಿಸಿ, ಆಳವಾದ ಗುಂಡಿಯಲ್ಲಿ ಹೂಳಿರಿ. ತೋಟದ ಮಣ್ಣಿನ ಮೇಲೆ ಉಪ್ಪು ಸುರಿಯಬೇಡಿ, ಬೇರಿಗೆ ಕೆಡುಕು. ಹಳ್ಳದ ಆಚೆ ಎಸೆದು ಬರುವವರೂ ಇದ್ದಾರೆ. ಅದು ನೆರೆಯವನ ತೋಟಕ್ಕೆ ಉಡುಗೊರೆ ಕಳಿಸಿದಂತೆ. ಒಬ್ಬರೇ ಹೆಕ್ಕಿದರೆ ಪ್ರಯೋಜನ ಸಾಲದು, ಕೇರಿಯವರು ಒಟ್ಟಿಗೆ ಮಾಡಬೇಕು. ಅಂಗಡಿಯ ವಿಷದ ಗುಳಿಗೆ ಇಡುವದಾದರೆ ನಾಯಿ, ದನ, ಕೋಳಿಗೆ ಸಿಗದಂತೆ ಇಡಿ. ನಾಯಿಗೆ ಅದು ಪ್ರಾಣಾಂತಿಕ. ನಮ್ಮ ಕಾಡಿನದೇ ಸಣ್ಣ ಬಸವನಹುಳುಗಳೂ ಉಂಟು, ಅವುಗಳನ್ನು ಕೊಲ್ಲುವ ಕಾರಣವಿಲ್ಲ. ಗುರುತು ಸಿಗದಿದ್ದರೆ ಒಂದನ್ನು ಡಬ್ಬಿಯಲ್ಲಿ ಹಾಕಿ ಹತ್ತಿರದ ರೈತ ಸಂಪರ್ಕ ಕೇಂದ್ರಕ್ಕೆ ತನ್ನಿರಿ.

ಇದು ತನ್ನ ಕಾಲಿನಿಂದ ದೂರ ನಡೆಯುವ ಪ್ರಾಣಿಯಲ್ಲ. ಸಸಿಯ ಚೀಲದ ಮಣ್ಣಿನಲ್ಲಿ, ಗೊಬ್ಬರದ ಲಾರಿಯಲ್ಲಿ, ಉಸುಕಿನಲ್ಲಿ, ಬಾಳೆಕಂದಿನಲ್ಲಿ ಕೂತು ಬರುತ್ತದೆ. ಹೊರಗಿನಿಂದ ಸಸಿ ತಂದರೆ ಚೀಲ ಸುತ್ತ ನೋಡಿ, ಎರಡು ವಾರ ಅಂಗಳದಲ್ಲಿ ಬೇರೆ ಇಟ್ಟು, ಆಮೇಲೆ ತೋಟಕ್ಕೆ ಒಯ್ಯಿರಿ. ಈ ಕೆಲಸ ಬಹಳ ಮಾಡಿ ಮನೆಯ ತಾಯಂದಿರ ಕೈಯಲ್ಲೇ ಇದೆ. ಜಾತ್ರೆಯಿಂದ ತಂದ ಹೂವಿನ ಕುಂಡಕ್ಕೂ ಇದೇ ಮಾತು.

ಕಡೆಗೆ ಮಂಗಗಳ ವಿಷಯ. ಅಡಿಕೆ ಹಿಂಗಾರ, ಬಾಳೆಗೊನೆ, ಎಳನೀರು ಹಾಳಾದಾಗ ಹೊಟ್ಟೆ ಉರಿಯುವದು ಸಹಜ. ಅದಕ್ಕೆ ಕೆಲವರು ಮಂಗ ಹಿಡಿಸಿ, ಗಾಡಿಯಲ್ಲಿ ತುಂಬಿ, ಬೇರೆ ಕಾಡಿಗೆ ಬಿಡಿಸುತ್ತಾರೆ. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಹಾಗೆ ಹಿಡಿಯುವದು 1972ರ ವನ್ಯಜೀವಿ ಕಾಯ್ದೆಗೆ ವಿರುದ್ಧ. ಕಾಯ್ದೆ ಬದಿಗಿರಲಿ, ಲಾಭವೂ ಇಲ್ಲ. ತೋಟದ ರುಚಿ ಕಂಡ ಮಂಗ ಹೊಸ ಕಾಡಿನಲ್ಲಿ ಸೊಪ್ಪು ತಿಂದು ಕೂಡ್ರುವದಿಲ್ಲ, ಹತ್ತಿರದ ಹಳ್ಳಿ ಹುಡುಕುತ್ತದೆ. ಇಲ್ಲಿ ತೆರವಾದ ಜಾಗಕ್ಕೆ ಬೇರೆ ಹಿಂಡು ಬರುತ್ತದೆ. ಮಂಗನ ಮೈಮೇಲಿನ ಉಣ್ಣಿಗಳೂ ಅದೇ ಗಾಡಿಯಲ್ಲಿ ಪ್ರಯಾಣ ಮಾಡುತ್ತವೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ನಮ್ಮ ಜಿಲ್ಲೆಗೂ ಬಂದಿದೆ. ಸಿದ್ದಾಪುರದ ಕಡೆ ಜನರ ಪ್ರಾಣವನ್ನೂ ತೆಗೆದುಕೊಂಡಿದೆ. ಅದನ್ನು ದಾಟಿಸುವದು ಈ ಉಣ್ಣಿಗಳೇ. ಡಿಸೆಂಬರಿನಿಂದ ಮೇ ತನಕ ಅದರ ಕಾಲ. ದರಕು ಗುಡಿಸಲಿಕ್ಕೆ, ಸೊಪ್ಪಿಗೆ ನೀವು ಬೆಟ್ಟ ಹತ್ತುವ ಕಾಲವೂ ಅದೇ. ಮೈತುಂಬ ಬಟ್ಟೆ ಹಾಕಿ, ಆರೋಗ್ಯ ಇಲಾಖೆಯವರು ಕೊಡುವ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಂಡು ಹೋಗಿರಿ. ಮನೆಗೆ ಬಂದ ಮೇಲೆ ಬಿಸಿನೀರಿನಲ್ಲಿ ಮೀಯಿರಿ, ಬಟ್ಟೆ ಒಗೆಯಿರಿ. ಬೆಟ್ಟದಲ್ಲಿ ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ಎಳೆದು ಹೂಳಲಿಕ್ಕೂ ಹೋಗಬೇಡಿ. ಜಾಗದ ಗುರುತಿಟ್ಟುಕೊಂಡು, ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅಥವಾ ಅರಣ್ಯ ಇಲಾಖೆಯ ಗಾರ್ಡಿಗೆ ತಿಳಿಸಿರಿ.